ಕಂಪ್ಯೂಟರಿನಲ್ಲಿ ಓಡಿತು, ಕಾಕಾನ ಮನೆಯಲ್ಲಿ ‘ನೋ ಡಿಸ್ಕ್’

2006ರ ಸುಮಾರಿಗೆ ನಾನು ಜಮಖಂಡಿಯಲ್ಲಿ ಮದುವೆ ವಿಡಿಯೊ ಮಾಡುತ್ತಿದ್ದೆ. ಬನಹಟ್ಟಿಯ ನೇಕಾರ ಕಾಕಾ ಒಬ್ಬರ ಮಗಳ ಮದುವೆ. ಎಡಿಟಿಂಗ್ ಮುಗಿಸಿ ಡಿವಿಡಿ ಕೊಟ್ಟು ಕಳಿಸಿದ್ದೆ. ಮೂರನೇ ದಿನ ಕಾಕಾ ಬಸ್ಸಿನಲ್ಲಿ ಬಂದಿಳಿದರು. ಡಿಸ್ಕ್ ಅಷ್ಟೇ ಅಲ್ಲ, ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ಲೇಯರನ್ನೂ ತಂದಿದ್ದರು.

“ಬೀಗರನ್ನೆಲ್ಲಾ ಕರದು ಕುಂದರ್ಸಿದ್ದೆ ತಮ್ಮಾ. ಬರೇ ನೋ ಡಿಸ್ಕ್ ಅಂತ ತೋರಸ್ತೈತಿ.”

ನನ್ನ ಕಂಪ್ಯೂಟರಿಗೆ ಹಾಕಿದೆ, ಸಲೀಸಾಗಿ ಓಡಿತು. ಅವರ ಪ್ಲೇಯರಿಗೆ ಹಾಕಿದರೆ ಎರಡು ಸಲ ಗಿರ್ ಅಂದು ನಿಂತುಬಿಟ್ಟಿತು. ಸಿನಿಮಾ ಡಿವಿಡಿ ಹಾಕಿ ನೋಡಿದೆ. ಅದು ಚೆನ್ನಾಗಿಯೇ ಓಡಿತು. ಪ್ಲೇಯರ್ ಕೆಟ್ಟಿಲ್ಲ ಅಂತಾಯಿತು.

ತಪ್ಪು ನನ್ನದೇ. ಹೆಸರು ಗಿಸರು ತಪ್ಪಿದ್ದರೆ ಅಳಿಸಿ ಮತ್ತೆ ಬರೆಯೋಣ ಅಂತ ಆರ್‌ಡಬ್ಲ್ಯೂ ಡಿಸ್ಕಿಗೆ ಹಾಕಿ ಕೊಟ್ಟಿದ್ದೆ. ಪ್ಲೇಯರ್ ಓದುವುದು ಡಿಸ್ಕಿಗೆ ಬಡಿದು ವಾಪಸ್ ಬರುವ ಲೇಸರ್ ಬೆಳಕನ್ನು. ಅಚ್ಚು ಹಾಕಿದ ಒಂದು ಪದರದ ಡಿವಿಡಿ ಶೇ 45ರಿಂದ 85ರಷ್ಟು ಬೆಳಕು ಮರಳಿಸುತ್ತದೆ. ಒಮ್ಮೆ ಮಾತ್ರ ಬರೆಯುವ ಆರ್ ಡಿಸ್ಕ್ ಕೂಡ ಹೆಚ್ಚುಕಡಿಮೆ ಹಾಗೆಯೇ. ಆರ್‌ಡಬ್ಲ್ಯೂ ಮರಳಿಸುವುದು ಶೇ 18ರಿಂದ 30 ಅಷ್ಟೇ. ಎರಡು ಪದರದ ಸಿನಿಮಾ ಡಿವಿಡಿಯದ್ದೂ ಇದೇ ಲೆಕ್ಕ. ಹಾಗಾಗಿ ಕೆಲವು ಹಳೆಯ ಪ್ಲೇಯರ್‌ಗಳು ಇದನ್ನು ಎರಡು ಪದರದ್ದು ಅಂದುಕೊಂಡು ಇನ್ನೊಂದು ಪದರ ಹುಡುಕುತ್ತವೆ. ಇಲ್ಲದ್ದು ಎಲ್ಲಿಂದ ಸಿಗಬೇಕು?

ತಮಾಷೆ ಅಂದರೆ ಸಿಡಿಯಲ್ಲಿ ಇದು ಉಲ್ಟಾ ಆಗುವುದೂ ಇತ್ತು. ಸಿಡಿ-ಆರ್‌ನ ಬಣ್ಣದ ಪದರ ಹೊಂದುವುದು 780 ನ್ಯಾನೊಮೀಟರ್ ತರಂಗಾಂತರದ ಲೇಸರಿಗೆ. ಡಿವಿಡಿಯ ಲೇಸರ್ 650. ಆ ಒಂದೇ ಲೇಸರ್ ಇದ್ದ ಮೊದಲ ಕಾಲದ ಕೆಲವು ಡಿವಿಡಿ ಪ್ಲೇಯರ್‌ಗಳು ಸಿಡಿ-ಆರ್ ಮುಟ್ಟುತ್ತಿರಲಿಲ್ಲ, ಸಿಡಿ-ಆರ್‌ಡಬ್ಲ್ಯೂ ಮಾತ್ರ ಓದುತ್ತಿದ್ದವು!

ಒಮ್ಮೆ ಬರೆಯುವ ಡಿಸ್ಕಿನಲ್ಲೂ ಪ್ಲಸ್, ಮೈನಸ್ ಅಂತ ಎರಡು ಜಾತಿ. ಕಾಕಾನಿಗೆ ಚಹಾ ಕೊಟ್ಟು ಕೂರಿಸಿ ಡಿವಿಡಿ ಪ್ಲಸ್ ಆರ್‌ಗೆ ಬರೆದೆ. ಅದೂ ಓಡಲಿಲ್ಲ. ನನಗೆ ಬೆವರು. ಆಮೇಲೆ ನೆನಪಾಯಿತು: ಡಿಸ್ಕಿನ ಮೇಲೆ ‘ನಾನು ಇಂಥ ಜಾತಿ’ ಅಂತ ಹೇಳುವ ಒಂದು ಗುರುತು ಇರುತ್ತದೆ, ಬುಕ್ ಟೈಪ್ ಅಂತಾರೆ. ಪ್ಲಸ್ ಡಿಸ್ಕುಗಳು ಬಂದಿದ್ದೇ ತಡವಾಗಿ. ಅದಕ್ಕಿಂತ ಮೊದಲಿನ ಪ್ಲೇಯರಿಗೆ ಆ ಗುರುತು ಪರಿಚಯವೇ ಇರುವುದಿಲ್ಲ. ಡಿಸ್ಕ್ ಬರೆಯುವ ಯಂತ್ರ, ಅಂದರೆ ರೈಟರ್ ಒಪ್ಪಿದರೆ, ಬರೆಯುವ ಮೊದಲೇ ಅದನ್ನು ಡಿವಿಡಿ-ರಾಮ್ (ROM, ಅಚ್ಚು ಹಾಕಿದ ಡಿಸ್ಕ್) ಅಂತ ಬದಲಿಸಬಹುದು. ನನ್ನ ರೈಟರ್ ಒಪ್ಪಿತು. ಇನ್ನೊಂದು ಡಿಸ್ಕ್ ಬರೆದೆ, ಚಿತ್ರ ಬಂತು. ಮೈನಸ್ ಡಿಸ್ಕಿನಲ್ಲಿ ಈ ಆಟ ನಡೆಯುವುದಿಲ್ಲ, ಆದರೆ ಅದು 1997ರಿಂದಲೇ ಇದ್ದದ್ದರಿಂದ ಹಳೆಯ ಪ್ಲೇಯರ್‌ಗಳು ಅದನ್ನು ಜಾಸ್ತಿ ಒಪ್ಪುತ್ತಿದ್ದವು. ಅವತ್ತಿನಿಂದ ಗಿರಾಕಿಗಳಿಗೆ ಮೈನಸ್ ಆರ್ ಮಾತ್ರ.

ಬರೆದಾದ ಮೇಲೆ ಡಿಸ್ಕನ್ನು ಮುಗಿಸಿ ಮುಚ್ಚುವುದು, ಅಂದರೆ ಫೈನಲೈಸ್ ಮಾಡುವುದನ್ನು ಮರೆತರೂ ಇದೇ ಗೋಳು. ಕಂಪ್ಯೂಟರ್ ಓದುತ್ತದೆ, ಮನೆಯ ಪ್ಲೇಯರ್ ಓದುವುದಿಲ್ಲ.

ಸ್ಪೀಡಿನದ್ದು ಬೇರೆ ಕಥೆ. ಡಿಸ್ಕ್ ಒಳಗಿನಿಂದ ಹೊರಕ್ಕೆ ಬರೆಯುತ್ತಾ ಹೋಗುತ್ತದೆ. 16 ಎಕ್ಸ್, ಅಂದರೆ ಮೂಲ ವೇಗದ ಹದಿನಾರು ಪಟ್ಟು ಅಂತ ಕೊಟ್ಟರೆ ಆ ಪೂರ್ತಿ ವೇಗ ಬರುವುದು ಹೊರ ಅಂಚಿನ ಹತ್ತಿರ. ಅಗ್ಗದ ಡಿಸ್ಕ್ ಅಲ್ಲೇ ಕೈಕೊಡುತ್ತದೆ. ಅರಿಶಿಣ, ಅಕ್ಕಿಕಾಳು ಎಲ್ಲಾ ಸರಿಯಾಗಿ ಬಂದು, ಹೆಣ್ಣು ಒಪ್ಪಿಸುವಾಗ ಚಿತ್ರ ಚೌಕ ಚೌಕ! ತಾಯಂದಿರು ಅಳಬೇಕಾದ ಜಾಗದಲ್ಲಿ ಬೈಗುಳ. ಸೀಸನ್ನಿನಲ್ಲಿ ಎಷ್ಟೇ ಅವಸರ ಇದ್ದರೂ 8 ಎಕ್ಸ್ ದಾಟುತ್ತಿರಲಿಲ್ಲ. ಗಂಡು-ಹೆಣ್ಣಿನ ಫೋಟೊ ಇರುವ ಕಾಗದದ ಸ್ಟಿಕ್ಕರ್ ಅಂಟಿಸುವುದನ್ನೂ ಬಿಟ್ಟೆ. ಒಂಚೂರು ವಾರೆಯಾದರೆ ಡಿಸ್ಕ್ ತಿರುಗುವಾಗ ಅಲುಗಾಡುತ್ತದೆ. ಫೋಟೊ ಕವರಿನ ಮೇಲಿದ್ದರೆ ಸಾಕಲ್ವಾ?

ಮುಂದಿನ ದೀಪಾವಳಿಗೆ ಕಾಕಾ ಹೊಸ ಪ್ಲೇಯರ್ ತಗೊಂಡರು. ಹಳೆಯದನ್ನು ನಾನೇ ಕೇಳಿ ಇಸಿದುಕೊಂಡೆ. ಆಮೇಲೆ ಅಂಗಡಿಯಲ್ಲಿ ಬರೆದ ಪ್ರತಿ ಡಿಸ್ಕನ್ನೂ ಮೊದಲು ಅದಕ್ಕೆ ಹಾಕಿ, ಕೊನೆಯ ಹತ್ತು ನಿಮಿಷ ಓಡಿಸಿ ನೋಡಿದ ಮೇಲೆಯೇ ಕವರಿಗೆ ಸೇರಿಸುತ್ತಿದ್ದೆ.