ಕೆಲಸ ಹೋದ ಮೇಲೆ ಕಾರ್ಡ್ ಸಾಲ: ದುಬೈ, ಶಾರ್ಜಾಕ್ಕೆ ಹೊಸದಾಗಿ ಬಂದ ನಮ್ಮೂರವರಿಗೆ

ನಾನು ಅಂಕೋಲಾದವನು. ಮನೆ ಶಾರ್ಜಾದಲ್ಲಿ, ಕೆಲಸ ದುಬೈಯಲ್ಲಿ. ಬಂದು ಹದಿನಾರು ವರ್ಷ ಆಯ್ತು. ಕಾರವಾರ, ಕುಮಟಾ, ಭಟ್ಕಳ, ಶಿರಸಿ ಕಡೆಯಿಂದ ಪ್ರತಿ ವರ್ಷ ಹೊಸ ಹುಡುಗರು ಬರುತ್ತಾರೆ. ರೂಮ್ ಎಲ್ಲಿ ಸಿಗುತ್ತದೆ, ಕುಚ್ಚಲಕ್ಕಿ ಎಲ್ಲಿ, ಒಳ್ಳೆಯ ಬಂಗಡೆ ಎಲ್ಲಿ ಅಂತ ಮೊದಲ ದಿನವೇ ಕೇಳುತ್ತಾರೆ. ಕ್ರೆಡಿಟ್ ಕಾರ್ಡ್ ಬಗ್ಗೆ ಮಾತ್ರ ಕೇಳುವುದಿಲ್ಲ. ಕೇಳುವ ಹೊತ್ತಿಗೆ ಕೆಲಸ ಹೋಗಿರುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ. "ಅಣ್ಣಾ, ಸುಮ್ನೆ ಗೋವಾಕ್ಕೆ ಟಿಕೆಟ್ ಮಾಡಿ ಹೋಗಿಬಿಡಲಾ?"

ದಯವಿಟ್ಟು ಹೋಗಬೇಡಿ. ಯಾಕೆ ಅಂತ ಹೇಳುತ್ತೇನೆ.

2020ರ ಏಪ್ರಿಲ್‌ನಲ್ಲಿ ನನ್ನ ಕಂಪನಿ ಮುಚ್ಚಿತು. ಆಗ ಎರಡು ಕಾರ್ಡಿನಿಂದ ನನ್ನ ತಲೆಯ ಮೇಲೆ 31,000 ದಿರ್ಹಮ್ ಸಾಲ ಇತ್ತು. ನಾನು ಮಾಡಿದ ತಪ್ಪು ಒಂದೇ, ಬ್ಯಾಂಕಿನ ಫೋನ್ ಎತ್ತಲಿಲ್ಲ. ಏನು ಹೇಳುವುದು ಅಂತ ಗೊತ್ತಾಗದೆ ಒಂದೂವರೆ ತಿಂಗಳು ಹಾಗೇ ಕಳೆದೆ. ಮೇ ಕೊನೆಗೆ ಅವರು ಊರಿಗೇ ಫೋನ್ ಮಾಡಿದರು. ಕಾರ್ಡಿನ ಅರ್ಜಿಯಲ್ಲಿ ಊರಿನ ನಂಬರ್ ಕೊಟ್ಟವನು ನಾನೇ. ಆಯಿ ಅಂಗಳದಲ್ಲಿ ಮುರುಗಲ ಸಿಪ್ಪೆ ಒಣಹಾಕುತ್ತಿದ್ದಳಂತೆ. ಫೋನಿನಲ್ಲಿದ್ದವನು ಹಿಂದಿಯಲ್ಲಿ "ನಿಮ್ಮ ಮಗನ ಮೇಲೆ ವಾರಂಟ್ ಆಗಿದೆ" ಎಂದ. ವಾರಂಟೂ ಇರಲಿಲ್ಲ, ಕೇಸೂ ಇರಲಿಲ್ಲ. ಆದರೆ ಆಯಿಗೆ ಅದು ಹೇಗೆ ಗೊತ್ತಾಗಬೇಕು? ಅವಳ ಕೈಯ ಕೆಂಪು ರಸ ಫೋನಿಗೆಲ್ಲ ಮೆತ್ತಿಕೊಂಡಿತ್ತು, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ತಂಗಿ ಆಮೇಲೆ ಹೇಳಿದಳು. ಆ ಎರಡು ದಿನ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಚೆಕ್ಕಿನ ವಿಷಯ. ಇಲ್ಲಿ ಸಾಲ ಅಥವಾ ಕಾರ್ಡ್ ಕೊಡುವಾಗ ಎಷ್ಟೋ ಬ್ಯಾಂಕುಗಳು ಸೆಕ್ಯುರಿಟಿ ಚೆಕ್, ಅಂದರೆ ಸಾಲದ ಭದ್ರತೆಗೆ ಅಂತ ಸಹಿ ಹಾಕಿದ ಚೆಕ್, ತೆಗೆದುಕೊಳ್ಳುತ್ತವೆ. ನನ್ನ ಚೆಕ್ಕಿನಲ್ಲಿ ತಾರೀಖು ಖಾಲಿ, ಮೊತ್ತ ಖಾಲಿ, ಕೆಳಗೆ ಸಹಿ ಮಾತ್ರ ಇತ್ತು. ಆಗ ಅಂಥ ಚೆಕ್ ಬೌನ್ಸ್ ಆದರೆ ಪೊಲೀಸ್ ಕೇಸೇ ಆಗಬಹುದಿತ್ತು. ಊರಿನಲ್ಲಿ ಈಗಲೂ ಜನ ಹೇಳುವುದು ಆ ಕಾಲದ ಕಥೆಯನ್ನೇ. 2022ರ ಜನವರಿ 2ರಿಂದ ಕಾನೂನು ಬದಲಾಗಿದೆ. ಖಾತೆಯಲ್ಲಿ ಹಣ ಇಲ್ಲದೆ ಚೆಕ್ ವಾಪಸಾಯಿತು ಅನ್ನುವುದೊಂದೇ ಈಗ ಕ್ರಿಮಿನಲ್ ಅಪರಾಧ ಅಲ್ಲ. ಆದರೆ ಚೆಕ್ ಪಾಸಾಗದಿರಲಿ ಅಂತ ಖಾತೆ ಮುಚ್ಚುವುದು, ಇದ್ದ ಹಣವನ್ನೆಲ್ಲ ಮೊದಲೇ ತೆಗೆದುಬಿಡುವುದು, ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಹೇಳುವುದು, ಬೇಕೆಂದೇ ಸಹಿ ತಪ್ಪು ಹಾಕುವುದು, ಇವೆಲ್ಲ ಈಗಲೂ ಅಪರಾಧವೇ. "ಹೋಗುವ ಮುಂಚೆ ಅಕೌಂಟ್ ಖಾಲಿ ಮಾಡಿ ಹೋಗು" ಅಂತ ರೂಮಿನವರು ಹೇಳಿದರೆ ಕೇಳಬೇಡಿ. ಬರೀ ಸಾಲ ಆಗಿದ್ದದ್ದು ಅಲ್ಲಿಂದ ಅಪರಾಧ ಆಗಿಬಿಡಬಹುದು.

ಜೈಲಿನ ಭಯ ಕಡಿಮೆ ಆಯಿತು ನಿಜ. ಆದರೆ ಬ್ಯಾಂಕಿನ ದಾರಿಯೂ ಅಷ್ಟೇ ಸಲೀಸಾಗಿದೆ. ಬೌನ್ಸ್ ಆದ ಚೆಕ್ಕನ್ನು ನೇರವಾಗಿ ಎಕ್ಸಿಕ್ಯೂಷನ್ ಕೋರ್ಟಿಗೆ, ಅಂದರೆ ವಸೂಲಿ ಆದೇಶ ಜಾರಿ ಮಾಡುವ ಕೋರ್ಟಿಗೆ, ಒಯ್ಯಬಹುದು. ಬೇರೆ ದಾವೆ ಹೂಡಿ ಕಾಯಬೇಕಿಲ್ಲ. ಆ ಕೋರ್ಟು ಖಾತೆ ತಡೆಹಿಡಿಯಬಹುದು, ಕಾರು ಜಪ್ತಿ ಮಾಡಬಹುದು. ಕೊಡುವ ಶಕ್ತಿ ಇದ್ದೂ ಕೊಡದವನನ್ನು ಹಿಡಿದು ಇಡಲು ಆದೇಶಿಸಬಹುದು. ನಿಜವಾಗಿ ಕೈಯಲ್ಲಿ ಇಲ್ಲದವನ ಪರಿಸ್ಥಿತಿ ಬೇರೆ. ಆದರೆ ಇಲ್ಲ ಅನ್ನುವುದನ್ನು ಕಾಗದದಲ್ಲಿ ತೋರಿಸಬೇಕು. ಟರ್ಮಿನೇಷನ್ ಲೆಟರ್, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಮಕ್ಕಳ ಫೀಸಿನ ರಸೀದಿ ಎಲ್ಲ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನು ಟ್ರಾವೆಲ್ ಬ್ಯಾನ್, ಅಂದರೆ ದೇಶ ಬಿಟ್ಟು ಹೋಗದಂತೆ ಹಾಕುವ ತಡೆ. ಸಾಲ 10,000 ದಿರ್ಹಮ್‌ಗಿಂತ ಕಡಿಮೆ ಇಲ್ಲದಿದ್ದರೆ, ಸಾಲಗಾರ ಓಡಿಹೋಗುವ ಭಯ ಇದೆ ಅಂತ ತೋರಿಸಿ ಬ್ಯಾಂಕು ಕೋರ್ಟಿನಿಂದ ಇದನ್ನು ಕೇಳಬಹುದು. ಹೊನ್ನಾವರದ ಹುಡುಗನೊಬ್ಬ ಅಕ್ಕನ ಮದುವೆಗೆ ಹೊರಟವನು ಇಮಿಗ್ರೇಷನ್ ಕೌಂಟರಿನಿಂದ ವಾಪಸ್ ಬಂದದ್ದನ್ನು ನಾನೇ ನೋಡಿದ್ದೇನೆ. ಬ್ಯಾಗಿನಲ್ಲಿ ಅಕ್ಕನಿಗೆ ಅಂತ ತೆಗೆದುಕೊಂಡ ಸೀರೆ ಹಾಗೇ ಇತ್ತು. ಟಿಕೆಟ್ ಮಾಡುವ ಮುಂಚೆ ನೋಡಿಕೊಳ್ಳಬಹುದು. ದುಬೈ ಪೊಲೀಸರ ಆ್ಯಪ್‌ನಲ್ಲಿ ಎಮಿರೇಟ್ಸ್ ಐಡಿ ಹಾಕಿದರೆ ಹಣಕಾಸಿನ ಕೇಸು ಇದೆಯಾ ಗೊತ್ತಾಗುತ್ತದೆ. ಅಬುಧಾಬಿಯವರಿಗೆ ಎಸ್ತಫ್ಸರ್ ಅನ್ನುವ ಸೇವೆ ಇದೆ.

"ಊರು ಮುಟ್ಟಿದರೆ ಮುಗೀತಲ್ವಾ?" ಮುಗಿಯುವುದಿಲ್ಲ. ಎಲ್ಲರೂ ತಪ್ಪು ತಿಳಿದಿರುವುದು ಇಲ್ಲೇ. 2020ರ ಜನವರಿ 17ರಂದು ಭಾರತ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಕೆಳಗೆ ಯುಎಇ ಕೋರ್ಟುಗಳ ಡಿಕ್ರಿಯನ್ನು, ಅಂದರೆ ಸಾಲ ಕಟ್ಟು ಅನ್ನುವಂಥ ತೀರ್ಪಿನ ಆದೇಶವನ್ನು, ನಮ್ಮ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಬಹುದು. ದುಬೈ, ಶಾರ್ಜಾ, ಅಬುಧಾಬಿ ಕೋರ್ಟುಗಳೆಲ್ಲ ಇದರಲ್ಲಿ ಬರುತ್ತವೆ. ಹಾಗಾಗಿ ಬ್ಯಾಂಕು ಇಲ್ಲಿ ಡಿಕ್ರಿ ಪಡೆದು, ಅದರ ದೃಢೀಕೃತ ಪ್ರತಿ ಹಿಡಿದು ಕಾರವಾರದ ಜಿಲ್ಲಾ ಕೋರ್ಟಿಗೆ ಬರಬಹುದು. ಕೇಸನ್ನು ಮೊದಲಿನಿಂದ ನಡೆಸಬೇಕಿಲ್ಲ. ಸಣ್ಣ ಕಾರ್ಡ್ ಸಾಲಕ್ಕೆ ಅಷ್ಟೆಲ್ಲ ಖರ್ಚು ಮಾಡಿಕೊಂಡು ಬರುತ್ತಾರಾ ಅಂತ ನೀವು ಕೇಳಬಹುದು. ಬರಲಿಕ್ಕೆ ದಾರಿ ತೆರೆದಿದೆ ಅನ್ನುವುದು ತಲೆಯಲ್ಲಿ ಇರಲಿ. ಬಡ್ಡಿ ಸೇರಿ ಬೆಳೆದ ಸಾಲ ಸಣ್ಣದಾಗಿಯೂ ಉಳಿಯುವುದಿಲ್ಲ.

ಶಿರಸಿ ಕಡೆಯ ಒಬ್ಬರು ಹೋದ ವರ್ಷ ತುಂಬ ಹೆದರಿದ್ದರು. "ಭಾವ, ತೋಟ ಮನೆ ಎಲ್ಲ ಹೋಗ್ತಾ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ತೋಟ ಅಪ್ಪನ ಹೆಸರಿನಲ್ಲಿದ್ದು ಅಪ್ಪ ಜಾಮೀನು ಹಾಕಿಲ್ಲ ಅಂದರೆ, ನಿಮ್ಮ ಕಾರ್ಡ್ ಸಾಲಕ್ಕೆ ಅವರು ಹೊಣೆ ಅಲ್ಲ. ಹೆಂಡತಿಯೂ ಅಲ್ಲ. ಪಾಲಾಗದ ಆಸ್ತಿಯಲ್ಲಿ ನಿಮ್ಮದೂ ಪಾಲಿದ್ದರೆ ಮಾತ್ರ ವಕೀಲರನ್ನು ಕೇಳಲೇಬೇಕು. ಕೃಷಿಕ ತಾನೇ ವಾಸ ಮಾಡುವ ಮನೆಗೆ, ಪ್ರಾವಿಡೆಂಟ್ ಫಂಡಿಗೆ ಜಪ್ತಿಯಿಂದ ಅದೇ ಸಂಹಿತೆಯ 60ನೇ ಕಲಮಿನ ರಕ್ಷಣೆ ಇದೆ. ಇದ್ದೂ ಕೊಡದವನನ್ನು, ಆಸ್ತಿ ಬಚ್ಚಿಟ್ಟವನನ್ನು ಸಿವಿಲ್ ಜೈಲಿಗೆ ಕಳಿಸಬಹುದು. ಬಡತನವೊಂದೇ ಕಾರಣಕ್ಕೆ ಕಳಿಸುವ ಹಾಗಿಲ್ಲ, 1980ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಇನ್ನೊಂದು ಮಾತು. ಇಲ್ಲಿನ, ಅಂದರೆ ಯುಎಇ ಕೋರ್ಟಿನ ನೋಟಿಸ್ ಎಸ್‌ಎಂಎಸ್, ಇಮೇಲಿನಲ್ಲೂ ಬರುತ್ತದೆ. ಊರಿಗೆ ಹೋದ ಮೇಲೂ ಆ ಸಿಮ್ ಸಾಯಲು ಬಿಡಬೇಡಿ. ನೋಟಿಸ್ ನೋಡದೆ ಇದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು.

ಹಾಗಾದರೆ ಕೆಲಸ ಹೋದ ವಾರ ಏನು ಮಾಡಬೇಕು?

ರಾಜೀನಾಮೆಗೆ ಸಹಿ ಹಾಕಬೇಡಿ. ಕಂಪನಿಯವರು "ರಿಸೈನ್ ಅಂತ ಬರೆದುಕೊಡು, ನಿನಗೇ ಒಳ್ಳೆಯದು" ಅನ್ನುತ್ತಾರೆ. 2023ರಿಂದ ಇಲ್ಲಿ ನಿರುದ್ಯೋಗ ವಿಮೆ ಇದೆ. ಮೂಲ ವೇತನ 16,000 ದಿರ್ಹಮ್ ಒಳಗಿದ್ದವರಿಗೆ ತಿಂಗಳಿಗೆ 5 ದಿರ್ಹಮ್ ಕಂತು. ಕೆಲಸ ಹೋದರೆ ಮೂಲ ವೇತನದ ಶೇ. 60ರಷ್ಟು, ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. ಆದರೆ ನೀವೇ ಬಿಟ್ಟರೆ ಇಲ್ಲ, ಶಿಸ್ತುಕ್ರಮದಲ್ಲಿ ತೆಗೆದರೂ ಇಲ್ಲ. ಸತತ 12 ತಿಂಗಳು ಕಂತು ಕಟ್ಟಿರಬೇಕು, 30 ದಿನದೊಳಗೆ ಅರ್ಜಿ ಹಾಕಬೇಕು, ದೇಶದಲ್ಲೇ ಇರಬೇಕು. ಮೊದಲ ವರ್ಷದಲ್ಲಿರುವವರಿಗೆ ಇದು ಸಿಗುವುದಿಲ್ಲ. ಅದಕ್ಕೇ ಮೊದಲ ವರ್ಷ ಎರಡನೇ ಕಾರ್ಡ್ ತೆಗೆದುಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಕೊನೆಯ ಸಂಬಳ ಮತ್ತು ಗ್ರಾಚ್ಯುಟಿ ಸಾಲ ಇರುವ ಬ್ಯಾಂಕಿನ ಖಾತೆಗೇ ಬಂದರೆ, ಬ್ಯಾಂಕು ಅದನ್ನು ತಡೆಹಿಡಿಯುವುದು ಇಲ್ಲಿ ಮಾಮೂಲು. ನನ್ನದನ್ನೂ ತಡೆದಿದ್ದರು, ಬಾಡಿಗೆಗೆ ಗೆಳೆಯನ ಹತ್ತಿರ ಕೈಚಾಚಬೇಕಾಯಿತು. ಅದಕ್ಕೆ ಹಣ ಬರುವ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಟರ್ಮಿನೇಷನ್ ಲೆಟರ್ ಕೊಟ್ಟು, ಬಾಕಿಯನ್ನು ಕಂತಾಗಿ ಮಾಡಿಕೊಡಿ, ಬಡ್ಡಿ ಇಳಿಸಿ ಅಂತ ಬರಹದಲ್ಲಿ ಕೇಳಿ. ಕಾರ್ಡಿನ ಜೊತೆ ಕ್ರೆಡಿಟ್ ಶೀಲ್ಡ್ ಅನ್ನುವ ವಿಮೆ ಇದೆಯಾ ನೋಡಿ. ಸ್ಟೇಟ್‌ಮೆಂಟಿನಲ್ಲಿ ತಿಂಗಳು ತಿಂಗಳು ಅದಕ್ಕೆ ದುಡ್ಡು ಕಡಿತ ಆಗುತ್ತಿರುತ್ತದೆ, ನಾವು ಗಮನಿಸಿರುವುದಿಲ್ಲ. ಕೆಲವು ಪಾಲಿಸಿಗಳಲ್ಲಿ ಕೆಲಸ ಹೋದದ್ದಕ್ಕೂ ಪರಿಹಾರ ಇರುತ್ತದೆ.

ಕಾರ್ಡ್ ಬಿಲ್ಲಿನಲ್ಲಿ ಬರುವ ಮಿನಿಮಮ್ ಮೊತ್ತ ಕಟ್ಟಿದರೆ ಸಾಕು ಅನ್ನುವವರು ಈ ಲೆಕ್ಕ ನೋಡಿ. ಬಾಕಿ 20,000, ಬಡ್ಡಿ ತಿಂಗಳಿಗೆ ಶೇ. 3, ಮಿನಿಮಮ್ ಶೇ. 5 ಅಂತ ಇಟ್ಟುಕೊಳ್ಳಿ. ನೀವು ಕಟ್ಟುವ 1,000ದಲ್ಲಿ 600 ಬಡ್ಡಿಗೇ ಹೋಯ್ತು. ಅಸಲಿಗೆ ಸೇರಿದ್ದು 400. ಕಾರ್ಡಿನಿಂದ ನಗದು ತೆಗೆದು ಇನ್ನೊಂದು ಕಾರ್ಡಿಗೆ ಕಟ್ಟುವುದಂತೂ ಬೇಡವೇ ಬೇಡ. ನಗದಿಗೆ ಶುಲ್ಕ ಬೇರೆ, ಬಡ್ಡಿ ತೆಗೆದ ದಿನದಿಂದಲೇ ಶುರು.

ಮನೆಯವರಿಗೆ ನೀವೇ ಮೊದಲು ಹೇಳಿ. ಕಷ್ಟದ ಮಾತು, ಗೊತ್ತು. ಆದರೂ ಆ ಸುದ್ದಿ ಅವರಿಗೆ ನಿಮ್ಮ ಬಾಯಿಂದಲೇ ಹೋಗಲಿ. ಸಾಲ ವಸೂಲಿ ಮಾಡುವ ರಿಕವರಿಯವರು ಫೋನ್ ಮಾಡಿ ಹೆದರಿಸಿದರೆ ಕೇಸ್ ನಂಬರ್, ಕೋರ್ಟಿನ ಹೆಸರು ಕೇಳಿ ಬರೆದುಕೊಳ್ಳಲು ಹೇಳಿ. ಬೆದರಿಕೆ ಹಾಕುವುದು ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಊರಿನ ಠಾಣೆಯಲ್ಲಿ ದೂರು ಕೊಡಬಹುದು. ಏಜೆಂಟನ ಖಾಸಗಿ ಖಾತೆಗೆ ಒಂದು ದಿರ್ಹಮನ್ನೂ ಹಾಕಬೇಡಿ. ಬ್ಯಾಂಕು ಮಾತೇ ಕೇಳದಿದ್ದರೆ ಸನದಕ್ ಅನ್ನುವ ಸಂಸ್ಥೆ ಇದೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ಅದು ನೋಡುತ್ತದೆ. ದುಬೈಯ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದಲ್ಲಿ ಕಾನೂನು ಸಲಹೆ ಉಚಿತವಾಗಿ ಸಿಗುತ್ತದೆ. ಅಲ್ಲಿಗೆ ಹೋಗಲು ನಾಚಿಕೆ ಬೇಡ. ನಾನೂ ಹೋಗಿದ್ದೆ.

ಕೊನೆಗೆ ನನ್ನದು 18 ಕಂತಾಯಿತು. ಕೊನೆಯ ಕಂತು ಕಟ್ಟಿದ ದಿನ ಸಾಲ ತೀರಿದೆ ಅನ್ನುವ ಕ್ಲಿಯರೆನ್ಸ್ ಲೆಟರ್ ಕೇಳಿದೆ, ಕೊಟ್ಟರು. ಚೆಕ್ ಕೊಡಲಿಲ್ಲ. ಮೂರು ಸಲ ಅಲೆದ ಮೇಲೆ ಕೊಟ್ಟರು. ನೀವೂ ಎರಡನ್ನೂ ಪಡೆಯದೆ ಬಿಡಬೇಡಿ. ಆಯಿಗೆ ವಿಡಿಯೊ ಕಾಲ್ ಮಾಡಿ, ಅವಳ ಎದುರಿಗೇ ಆ ಚೆಕ್ ಹರಿದೆ. ಈಗ ಕಷ್ಟದಲ್ಲಿ ಇರುವವರು ಕಾರ್ಡಿನ ಸ್ಟೇಟ್‌ಮೆಂಟ್ ಹಿಡಿದುಕೊಂಡು ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ. ಚಾ ಕುಡಿಯುತ್ತ ಕೂತು ಬ್ಯಾಂಕಿಗೆ ಪತ್ರ ಬರೆಯೋಣ.