ಚಿನ್ನಿಯ ಮನೆಗೆ ಕರಿಯ ಬಂದ ಬಗೆ

ಮನೆಯಲ್ಲಿ ಹಿರಿಯ ಬೆಕ್ಕೊಂದು ಇರುವಾಗ ಮರಿಯನ್ನು ತಂದರೆ ಎಲ್ಲರ ಗಮನವೂ ಮರಿಯ ಕಡೆಗೇ ಹೋಗುತ್ತದೆ. ಅದಕ್ಕೆ ಏನು ಕೊಡಬೇಕು, ಎಲ್ಲಿ ಮಲಗಿಸಬೇಕು ಎಂಬ ಮಾತೇ ನಡೆಯುತ್ತದೆ. ಎರಡು ತಿಂಗಳ ಮರಿ ಹೊಟ್ಟೆ ತುಂಬಿ ಬೆಚ್ಚಗಿದ್ದರೆ ಯಾವ ಮನೆಗಾದರೂ ಬೇಗ ಹೊಂದಿಕೊಳ್ಳುತ್ತದೆ. ಕಷ್ಟವಾಗುವುದು ಹಿರಿಯ ಬೆಕ್ಕಿಗೆ. ನಮ್ಮ ಚಿನ್ನಿಗೆ ಒಂಬತ್ತು ವರ್ಷ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು, ಚಾವಡಿಯಿಂದ ಅಡುಗೆಮನೆಯವರೆಗೆ ತನ್ನದೇ ರಾಜ್ಯ ಎಂದು ಬದುಕಿದವಳು. ಉಡುಪಿಯ ಮಳೆಗಾಲದಲ್ಲಿ ಮೀನು ಮಾರುಕಟ್ಟೆಯ ಹಿಂದೆ ನೆನೆದು ಕೂತಿದ್ದ ಕರಿಯನನ್ನು ಮನೆಗೆ ತರಲು ಒಪ್ಪಿದಾಗಲೇ ನಾನು ಒಂದನ್ನು ಗಟ್ಟಿ ಮಾಡಿಕೊಂಡಿದ್ದೆ: ಚಿನ್ನಿ ತನ್ನದೆಂದುಕೊಂಡಿರುವ ಯಾವುದನ್ನೂ ಅವಳಿಂದ ಕಿತ್ತುಕೊಳ್ಳಬಾರದು, ಮತ್ತು ಮುಂದಿನ ಹೆಜ್ಜೆ ಯಾವಾಗ ಎಂಬುದನ್ನು ಕ್ಯಾಲೆಂಡರ್ ನೋಡಿ ಅಲ್ಲ, ಅವಳನ್ನು ನೋಡಿ ನಿರ್ಧರಿಸಬೇಕು.

ಕರಿಯನನ್ನು ಮೊದಲು ಒಯ್ದದ್ದು ಪಶುವೈದ್ಯರಲ್ಲಿಗೆ. ಹಾಲುಹಲ್ಲು ಪೂರ್ತಿ ಬಂದಿರುವುದನ್ನೂ ತೂಕವನ್ನೂ ನೋಡಿ ಸುಮಾರು ಎಂಟು ವಾರದ ಗಂಡುಮರಿ ಎಂದರು. ಕಿವಿಯೊಳಗೆ ಕಾಫಿಪುಡಿಯಂತಹ ಕಪ್ಪು ಕೊಳೆಯಿತ್ತು. ಅದು ಕಿವಿಯ ನುಸಿ, ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಸುಲಭವಾಗಿ ಹರಡುವಂಥದ್ದು. ಜಂತುಹುಳುವಿಗೆ ಔಷಧಿ, ಚಿಗಟಕ್ಕೆ ಕುತ್ತಿಗೆಯ ಹಿಂಬದಿಗೆ ಹಾಕುವ ಹನಿ ಕೊಟ್ಟರು. ನಾಯಿಗೆಂದು ಮಾರುವ ಚಿಗಟದ ಔಷಧಿಗಳಲ್ಲಿ ಪರ್ಮೆಥ್ರಿನ್ ಇರಬಹುದು, ಅದು ಬೆಕ್ಕಿಗೆ ಪ್ರಾಣಾಪಾಯ ತರುವ ವಿಷ. ನಾಯಿಯೂ ಬೆಕ್ಕೂ ಇರುವ ಮನೆಯವರು ಇದನ್ನು ಎಂದೂ ಮರೆಯಬಾರದು. ಬೆಕ್ಕುಗಳ ಲ್ಯುಕೇಮಿಯಾ ವೈರಸ್ ಮತ್ತು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್ಸಾದ ಎಫ್‌ಐವಿ ಇವೆಯೇ ಎಂದು ಕೆಲವು ಹನಿ ರಕ್ತದಲ್ಲಿ ನೋಡುವ ಕಿಟ್ ಇದೆ, ಆ ಪರೀಕ್ಷೆಯನ್ನೂ ಮಾಡಿಸಿದೆ. ಲ್ಯುಕೇಮಿಯಾ ವೈರಸ್ ಜೊಲ್ಲಿನ ಮೂಲಕ, ಅಂದರೆ ಒಂದೇ ಬಟ್ಟಲಲ್ಲಿ ತಿನ್ನುವುದರಿಂದಲೂ ಒಂದನ್ನೊಂದು ನೆಕ್ಕುವುದರಿಂದಲೂ ಹರಡಬಲ್ಲದು.

ನನಗೆ ಹೆಚ್ಚು ಭಯವಿದ್ದದ್ದು ಪ್ಯಾನ್‌ಲ್ಯುಕೋಪೀನಿಯಾದ ಬಗ್ಗೆ. ಬೆಕ್ಕುಗಳ ಈ ಪಾರ್ವೋ ರೋಗ ಮರಿಗಳನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸೋಂಕು ತಗುಲಿದ್ದರೂ ಲಕ್ಷಣ ಕಾಣಿಸಿಕೊಳ್ಳಲು ವಾರ ಹಿಡಿಯಬಹುದಾದ್ದರಿಂದ ಕನಿಷ್ಠ ಎರಡು ವಾರ ಮರಿಯನ್ನು ಪೂರ್ತಿ ಪ್ರತ್ಯೇಕವಾಗಿಡಲು ವೈದ್ಯರು ಹೇಳಿದರು. ಚಿನ್ನಿಗೆ ಬಾಕಿಯಿದ್ದ ಬೂಸ್ಟರ್ ಲಸಿಕೆಯನ್ನೂ ಆಗಲೇ ಹಾಕಿಸಿದೆ. ಮರಿಯ ಕೋಣೆಗೆ ಬೇರೆ ಚಪ್ಪಲಿ ಇಟ್ಟೆ, ಅಲ್ಲಿಂದ ಹೊರಬಂದಾಗಲೆಲ್ಲ ಕೈತೊಳೆದೆ, ನೆಲವನ್ನು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿದೆ. ಮಾಮೂಲಿ ಫಿನಾಯಿಲ್ ಈ ವೈರಸ್ಸಿಗೆ ಸಾಲದು, ಅದೂ ಅಲ್ಲದೆ ಫಿನಾಯಿಲ್ ಬೆಕ್ಕಿಗೆ ವಿಷ.

ಯಾವ ಕೋಣೆ ಎಂಬುದೂ ಮುಖ್ಯ. ಮುಂಭಾಗದ ಕೋಣೆ ಹೆಚ್ಚು ಅನುಕೂಲವೆಂದು ಮನೆಯಲ್ಲಿ ಎಲ್ಲರೂ ಹೇಳಿದರು, ಆದರೆ ಅಲ್ಲಿಯ ಕಿಟಕಿ ಚಿನ್ನಿ ಮಧ್ಯಾಹ್ನವೆಲ್ಲ ಕೂರುವ ಜಾಗ. ಅವಳು ಅಪರೂಪಕ್ಕೆ ಕಾಲಿಡುವ, ತೆಂಗಿನಕಾಯಿ ಮತ್ತು ಹಳೆಯ ಪಾತ್ರೆಗಳನ್ನು ಇಡುವ ಹಿಂಬದಿಯ ಕೋಣೆಯನ್ನು ಗುಡಿಸಿ, ಸಾರಿಸಿ ಕರಿಯನಿಗೆ ಕೊಟ್ಟೆ. ಒಂದು ಬದಿಗೆ ಮಲಮೂತ್ರಕ್ಕೆಂದು ಮರಳಿನ ಟ್ರೇ, ಅದರಿಂದ ದೂರದಲ್ಲಿ ನೀರು ಮತ್ತು ಊಟ, ಅಡಗಿಕೊಳ್ಳಲು ಪಕ್ಕದಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಇಷ್ಟೇ ಅಲ್ಲಿದ್ದದ್ದು.

ಬೆಕ್ಕಿಗೆ ಪರಿಚಯವೆಂದರೆ ಮೊದಲು ವಾಸನೆ, ಆಮೇಲೆ ನೋಟ. ಅದರ ಕೆನ್ನೆ, ಹಣೆ ಮತ್ತು ಪಾದಗಳಲ್ಲಿ ವಾಸನೆಯ ಗ್ರಂಥಿಗಳಿವೆ. ಕಂಬಕ್ಕೆ, ಬಾಗಿಲಿಗೆ, ನಮ್ಮ ಕಾಲಿಗೆ ಮುಖ ಉಜ್ಜಿ ಅದು ಹೇಳುವುದು ಇದು ನನ್ನದು ಎಂದೇ. ಪ್ರತ್ಯೇಕವಾಗಿಡುವ ಅವಧಿ ಮುಗಿದು ಮರಿ ಆರೋಗ್ಯವಾಗಿದೆ ಎಂದು ಖಚಿತವಾದ ಮೇಲೆ ಹಳೆಯ ಹತ್ತಿಬಟ್ಟೆಯ ತುಂಡಿನಿಂದ ಕರಿಯನ ಕೆನ್ನೆಯನ್ನು ಒರೆಸಿ, ಆ ತುಂಡನ್ನು ಚಾವಡಿಯಲ್ಲಿ, ಚಿನ್ನಿ ಬೇಕಾದರೆ ಹೋಗಿ ನೋಡಬಹುದಾದ ಕಡೆ ಇಟ್ಟೆ. ಅವಳ ಹಾಸಿಗೆಯ ಮೇಲಾಗಲಿ ಊಟದ ಬಟ್ಟಲ ಬಳಿಯಾಗಲಿ ಇಡಲಿಲ್ಲ. ಅವಳು ಮೂಸಿದಳು, ಮೇಲ್ತುಟಿಯನ್ನು ಎತ್ತಿ ಬಾಯಿಯನ್ನು ಅರ್ಧ ತೆರೆದು ಹಾಗೇ ನಿಂತಳು. ಅಂಗುಳಿನಲ್ಲಿರುವ ಇನ್ನೊಂದು ಘ್ರಾಣಾಂಗಕ್ಕೆ ವಾಸನೆಯನ್ನು ಎಳೆದುಕೊಳ್ಳುವ ಭಂಗಿ ಅದು. ಬಳಿಕ ಬುಸುಗುಟ್ಟಿ ಮಾಡಿನ ಕೆಳಗಿನ ಅಟ್ಟ ಹತ್ತಿದಳು. ನಾನು ಅವಳನ್ನು ಕರೆಯಲಿಲ್ಲ, ಬಟ್ಟೆಯನ್ನು ಮಾತ್ರ ಅಲ್ಲೇ ಬಿಟ್ಟೆ. ಬಟ್ಟೆಯ ಪಕ್ಕದಲ್ಲೇ ಮೈಚಾಚಿ ಮಲಗುವಷ್ಟು ಅವಳು ನಿರಾಳವಾಗುವ ತನಕ ದಿನವೂ ಹೊಸ ತುಂಡು ಇಡುತ್ತ ಬಂದೆ. ಅನಂತರ ದಿನಕ್ಕೆ ಸ್ವಲ್ಪ ಹೊತ್ತು ಇಬ್ಬರ ಜಾಗವನ್ನು ಅದಲುಬದಲು ಮಾಡಿದೆ: ಚಿನ್ನಿ ಹಿಂಬದಿಯ ಕೋಣೆಯನ್ನು ಮೂಸುತ್ತಿದ್ದಾಗ ಕರಿಯ ಚಾವಡಿಯಲ್ಲಿ ಓಡಾಡಿಕೊಂಡಿರುತ್ತಿದ್ದ.

ಮುಚ್ಚಿದ ಬಾಗಿಲ ಎರಡೂ ಬದಿಯಲ್ಲಿ ಒಂದೇ ಹೊತ್ತಿಗೆ ಊಟ ಹಾಕುವುದು ಆಮೇಲಿನ ಕೆಲಸ. ಉಪ್ಪು ಖಾರವಿಲ್ಲದೆ ಬೇಯಿಸಿ ಮುಳ್ಳು ಬಿಡಿಸಿದ ಬಂಗುಡೆ ಚಿನ್ನಿಗೆ ಎಲ್ಲಕ್ಕಿಂತ ಪ್ರೀತಿಯದು. ಆ ದಿನಗಳಲ್ಲಿ ಅದನ್ನು ಈ ಬಾಗಿಲ ಬಳಿ ಬಿಟ್ಟು ಬೇರೆಲ್ಲೂ ಕೊಡಲಿಲ್ಲ. ಬಟ್ಟಲನ್ನು ಮೊದಲು ದೂರದಲ್ಲಿಟ್ಟು, ಅವಳು ತಲೆಯೆತ್ತದೆ ತಿಂದು ಮುಗಿಸಿದರೆ ಮಾತ್ರ ಮರುದಿನ ಗೇಣಷ್ಟು ಹತ್ತಿರ ಸರಿಸಿದೆ. ಬಾಗಿಲಿಗೆ ಅಂಟಿಕೊಂಡೇ ತಿನ್ನುವಂತಾದಾಗ ಮರದ ಬಾಗಿಲನ್ನು ತೆರೆದು ಸೊಳ್ಳೆ ಜಾಲರಿಯ ಬಾಗಿಲನ್ನು ಮಾತ್ರ ಮುಚ್ಚಿಟ್ಟೆ. ಒಬ್ಬರನ್ನೊಬ್ಬರು ನೋಡಿದ್ದು ಆಗಲೇ, ಅದೂ ಬಾಯಿ ತುಂಬ ಮೀನಿರುವಾಗ.

ಈ ಹಂತದಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂಬುದು ತಿಳಿದಿರಬೇಕು. ಬುಸುಗುಟ್ಟುವುದು, ಒಮ್ಮೆ ಗುರ್ರೆಂದು ಹಿಂದೆ ಸರಿಯುವುದು ದೂರವಿರು ಎಂಬ ಮಾತು ಅಷ್ಟೆ, ಅದಕ್ಕಾಗಿ ಹಿರಿಯ ಬೆಕ್ಕನ್ನು ಗದರಿಸುವುದು ಅನ್ಯಾಯ. ಅಪಾಯವಿರುವುದು ಸದ್ದಿಲ್ಲದ ನೋಟದಲ್ಲಿ. ಮೈಯನ್ನು ನೆಲಕ್ಕೆ ಒತ್ತಿ, ಕಿವಿಯನ್ನು ಬದಿಗೆ ತಿರುಗಿಸಿ, ಬಾಲದ ತುದಿಯನ್ನಷ್ಟೇ ಬಡಿಯುತ್ತ ರೆಪ್ಪೆ ಮಿಟುಕಿಸದೆ ಬೆಕ್ಕು ನೋಡತೊಡಗಿದರೆ ನಡುವೆ ಒಂದು ರಟ್ಟನ್ನು ಇಳಿಸಿ ಆ ನೋಟವನ್ನು ತಡೆಯಬೇಕು. ಕೈ ಹಾಕಬಾರದು, ಆ ಉದ್ವೇಗದಲ್ಲಿರುವ ಬೆಕ್ಕು ಸಾಕಿದವರ ಕೈಯನ್ನೂ ಕಚ್ಚುತ್ತದೆ.

"ಒಟ್ಟಿಗೇ ಬಿಟ್ಟುಬಿಡಿ ಮಾರಾಯ್ರೆ, ಎರಡು ದಿನ ಜಗಳ ಮಾಡಿ ಮತ್ತೆ ಸರಿಯಾಗ್ತವೆ" ಎಂದು ಪಕ್ಕದ ಮನೆಯವರು ಹೇಳುತ್ತಲೇ ಇದ್ದರು. ಅಂಗಳದಲ್ಲಿ ಓಡಿಹೋಗಲು ದಾರಿಯಿರುವ ಬೆಕ್ಕುಗಳಿಗೆ ಆ ಮಾತು ಒಪ್ಪಬಹುದೇನೋ. ಮಳೆಗಾಲದಲ್ಲಿ ನಾಲ್ಕು ಗೋಡೆಯೊಳಗೇ ಇರಬೇಕಾದ ಬೆಕ್ಕಿಗೆ ಮೊದಲ ದಿನದ ಜಗಳ ತಿಂಗಳುಗಟ್ಟಲೆ ನೆನಪಿರುತ್ತದೆ ಎಂಬುದೇ ನನ್ನ ಅಭಿಪ್ರಾಯ, ಅದನ್ನು ಈಗಲೂ ಬದಲಿಸುವುದಿಲ್ಲ.

ಜಾಲರಿ ತೆರೆಯುವ ಮುನ್ನ ಹಿಡಿಸೂಡಿ ಕಡ್ಡಿಗೆ ದಾರ ಕಟ್ಟಿ ಕರಿಯನನ್ನು ಸುಸ್ತಾಗುವವರೆಗೆ ಆಡಿಸುತ್ತಿದ್ದೆ. ಹಿರಿಯ ಬೆಕ್ಕಿಗೆ ಸಹಿಸಲಾಗದ್ದು ಮರಿಯ ಇರವಿಗಿಂತ ಅದರ ಹಾರಾಟ. ಮೊದಮೊದಲು ಕೆಲವೇ ನಿಮಿಷ ಎದುರಾಬದುರಾಗಿ ಬಿಟ್ಟು, ಎಲ್ಲವೂ ಶಾಂತವಾಗಿರುವಾಗಲೇ ಮರಿಯನ್ನು ಕೋಣೆಗೆ ಒಯ್ಯುತ್ತಿದ್ದೆ. ಬಾಲದ ಮೇಲೆ ಹಾರಿದ್ದಕ್ಕೆ ಚಿನ್ನಿ ಉಗುರು ಹೊರಗೆ ಹಾಕದೆ ತಲೆಗೊಂದು ಪೆಟ್ಟು ಕೊಟ್ಟಳು, ಕರಿಯ ಕೂತುಬಿಟ್ಟ. ಅಂತಹ ಪಾಠಕ್ಕೆ ನಾನು ಅಡ್ಡಬರಲಿಲ್ಲ. ರಾತ್ರಿ ಮತ್ತು ನಾವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾತ್ರ ಬಹಳ ಕಾಲ ಇಬ್ಬರನ್ನೂ ಬೇರೆಯಾಗಿಯೇ ಇಟ್ಟೆ.

ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಅವೂ ಬೇರೆ ಬೇರೆ ಕಡೆ ಇರಬೇಕು. ಮೂರನ್ನೂ ಒಂದೇ ಸಾಲಿನಲ್ಲಿಟ್ಟರೆ ದಾರಿಗೆ ಅಡ್ಡ ಕೂತ ಒಂದು ಬೆಕ್ಕು ಮೂರನ್ನೂ ಕಾಯಬಲ್ಲದು. ಚಿನ್ನಿಗಾಗಿ ಮರಿ ಹತ್ತಲಾಗದ ಎತ್ತರದಲ್ಲಿ ಒಂದು ಹಲಗೆ ಹೊಡೆಸಿದೆ. ದಿನವೂ ತಪ್ಪದೆ ನೋಡುತ್ತಿದ್ದದ್ದು ಅವಳ ಬಟ್ಟಲು ಮತ್ತು ಟ್ರೇ. ದೊಡ್ಡ ಬೆಕ್ಕು ಮುನಿಸಿಕೊಂಡಿದೆ ಎಂದು ಉಪವಾಸ ಬಿಡುವಂತಿಲ್ಲ, ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಗಂಭೀರ ಕಾಯಿಲೆ ಬರಬಹುದು. ಪದೇ ಪದೇ ಟ್ರೇಗೆ ಹೋಗಿ ಮೂತ್ರ ಬಾರದೆ ಒದ್ದಾಡಿದರೆ, ಅದರಲ್ಲೂ ಗಂಡು ಬೆಕ್ಕಾದರೆ, ಅದೇ ಗಳಿಗೆ ವೈದ್ಯರಲ್ಲಿಗೆ ಓಡಬೇಕು.

ಈಗ ಇಬ್ಬರೂ ಒಂದೇ ಚಾಪೆಯ ಎರಡು ತುದಿಗಳಲ್ಲಿ ಮಲಗುತ್ತಾರೆ. ಚಿನ್ನಿ ಅವನನ್ನು ನೆಕ್ಕುವುದಿಲ್ಲ, ಅದನ್ನು ನಾನು ನಿರೀಕ್ಷಿಸಿಯೂ ಇರಲಿಲ್ಲ. ಐದು ತಿಂಗಳಾದಾಗ ಕರಿಯನಿಗೂ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಆಸ್ಪತ್ರೆಯ ಔಷಧಿ ವಾಸನೆ ಹೊತ್ತು ಬಂದ ಅವನನ್ನು ಚಿನ್ನಿ ಪರಕೀಯನೆಂಬಂತೆ ನೋಡಿ ಬುಸುಗುಟ್ಟಿದ್ದರಿಂದ ಮತ್ತೆ ಹಿಂಬದಿಯ ಕೋಣೆ, ಮತ್ತೆ ಬಟ್ಟೆಯ ತುಂಡು, ಮತ್ತೆ ಜಾಲರಿಯ ಬಳಿ ಬಂಗುಡೆ. ಈ ಸಲ ಅದು ಬೇಗ ಮುಗಿಯಿತು.