ಮಿಲೆಯ ಚಿತ್ರ ನೋಡುವುದು ಹೇಗೆ? ಮುಖ ಬಿಡಿ, ಸೊಂಟ ನೋಡಿ

ಕೊಯ್ಲಾದ ಹೊಲ, ದೂರದಲ್ಲಿ ಬಣವೆಗಳು, ಮುಂದುಗಡೆ ತಲೆಗೆ ಬಟ್ಟೆ ಕಟ್ಟಿಕೊಂಡ ಮೂರು ಹೆಂಗಸರು. ಇಬ್ಬರು ಪೂರ್ತಿ ಬಗ್ಗಿದ್ದಾರೆ, ಒಬ್ಬಳು ಅರ್ಧ. ಈ ಚಿತ್ರ ಕ್ಯಾಲೆಂಡರಲ್ಲೋ ಯಾರದೋ ಮನೆ ಗೋಡೆ ಮೇಲೋ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಮೊದಲ ಸಲ ನೋಡಿದಾಗ ನಾನು, ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆ.

ಅವರು ಹಕ್ಕಲು ಆಯುತ್ತಿದ್ದಾರೆ. ಪೈರು ಕೊಯ್ದು, ಹೊರೆ ಕಟ್ಟಿ ಸಾಗಿಸಿದ ಮೇಲೆ ನೆಲದಲ್ಲಿ ಉಳಿದ ಒಂದೊಂದು ತೆನೆಯನ್ನು ಬಡವರು ಬಂದು ಆರಿಸಿಕೊಳ್ಳುತ್ತಾರಲ್ಲ, ಅದು. ಈ ಕೆಲಸಕ್ಕೆ ಕನ್ನಡದಲ್ಲಿ ಇಷ್ಟು ಚೊಕ್ಕ ಪದ ಇರುವಾಗ ‘ತೆನೆ ಸಂಗ್ರಹಿಸುವವರು’ ಅಂತೆಲ್ಲ ಯಾಕೆ ಎಳೆಯಬೇಕು? ಈ ಬರಹದಲ್ಲಿ ಇದು ‘ಹಕ್ಕಲು ಆಯುವವರು’. ಬಿಡಿಸಿದ್ದು ಫ್ರಾನ್ಸಿನ ಝಾನ್ ಫ್ರಾನ್ಸ್ವಾ ಮಿಲೆ, 1857ರಲ್ಲಿ.

ಮಿಲೆಯನ್ನು ನೋಡಲು ಕಲೆಯ ಓದು ಬೇಕಿಲ್ಲ. ಒಂದು ಗಂಟೆ ಸಮಯ, ಒಂದು ಫೋನು, ಒಂದು ಪೆನ್ಸಿಲ್, ಆಮೇಲೆ ನಿಮ್ಮದೇ ಸೊಂಟ. ಅಷ್ಟೇ.

ಮೊದಲ ಕೆಲಸ, ಒಳ್ಳೆಯ ಪ್ರತಿ ಹುಡುಕುವುದು. ಇಲ್ಲಿ ಒಂದು ಗುಂಡಿ ಇದೆ. ಕನ್ನಡದಲ್ಲಿ ಹೆಸರು ಬರೆದು ಹುಡುಕಿದರೆ ಇಂಗ್ಲೆಂಡಿನ ಜಾನ್ ಎವರೆಟ್ ಮಿಲೇ ಕೂಡ ಬಂದುಬಿಡುತ್ತಾನೆ. ಹೂವಿನ ನಡುವೆ ನೀರಲ್ಲಿ ತೇಲುವ ಹುಡುಗಿಯ ಚಿತ್ರ ಕಂಡರೆ ನೀವು ತಪ್ಪು ಮನೆಯ ಬಾಗಿಲು ತಟ್ಟಿದ್ದೀರಿ ಅಂತ ಅರ್ಥ. ನಮ್ಮವನು ಬರೀ ಹೊಲದವನು. ‘ಹಕ್ಕಲು ಆಯುವವರು’ ಈಗ ಇರುವುದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ. ಜೂಮ್ ಮಾಡಿದರೂ ಒಡೆಯದಷ್ಟು ದೊಡ್ಡ ಫೋಟೋ ಬಿಟ್ಟಿಯಾಗೇ ಸಿಗುತ್ತದೆ.

ಪೋಸ್ಟರ್ ತರಿಸುವುದಾದರೆ ಅಳತೆ ನೋಡಿಕೊಳ್ಳಿ. ಮೂಲ ಚಿತ್ರ ಸುಮಾರು 84 ಸೆಂ.ಮೀ. ಎತ್ತರ, 110 ಸೆಂ.ಮೀ. ಅಗಲ. ನಾನು ಒಮ್ಮೆ ಆನ್‌ಲೈನಲ್ಲಿ ತರಿಸಿದ್ದೆ, ಅಂಗಡಿಯವರು ತಮ್ಮ ಫ್ರೇಮಿಗೆ ಸರಿಹೋಗಲಿ ಅಂತ ಬಲಗಡೆ ಅಂಚನ್ನು ಕತ್ತರಿಸಿ ಕಳಿಸಿದ್ದರು. ಸುಮ್ನೆ ಒಂದು ಚೂರು ಹೊಲ ತಾನೇ ಹೋಗಿದ್ದು ಅಂದುಕೊಂಡೆ. ಅಲ್ಲ. ಹೋಗಿದ್ದು ಒಬ್ಬ ಮನುಷ್ಯ, ಒಂದು ಕುದುರೆ. ಅವನ ವಿಷಯ ಆಮೇಲೆ ಹೇಳುತ್ತೇನೆ.

ಈಗ ಫೋನು ಪಕ್ಕಕ್ಕಿಡಿ. ಒಂದು ಹಿಡಿ ಕಡ್ಲೆಕಾಯಿಯೋ ಬೆಂಕಿಕಡ್ಡಿಯೋ ನೆಲದ ಮೇಲೆ ಚೆಲ್ಲಿ. ಎರಡು ನಿಮಿಷಕ್ಕೆ ಟೈಮರ್ ಹಾಕಿ. ಕೂರುವ ಹಾಗಿಲ್ಲ, ಮಂಡಿ ಊರುವ ಹಾಗಿಲ್ಲ, ಬಗ್ಗಿ ಒಂದೊಂದಾಗಿ ಆರಿಸಿ. ಆರಿಸಿದ್ದನ್ನು ಎಡಗೈಯಲ್ಲೇ ಹಿಡಿದುಕೊಂಡಿರಬೇಕು. (ಬೆನ್ನುನೋವು ಇರುವವರು ದಯವಿಟ್ಟು ಇದನ್ನು ಬಿಡಿ, ಮನೆಯವರ ಹತ್ತಿರ ಮಾಡಿಸಿ ನೋಡಿ.) ಒಂದು ನಿಮಿಷ ದಾಟುವಷ್ಟರಲ್ಲಿ ಎಡಗೈ ತಾನಾಗೇ ಒಂದು ಜಾಗ ಹುಡುಕಲು ಶುರು ಮಾಡುತ್ತದೆ. ಮುಂದೆ ಜೋತುಬಿದ್ದರೆ ಅಡ್ಡ. ಹಾಗಾಗಿ ಅದು ಸೀದಾ ಬೆನ್ನ ಮೇಲೆ ಹೋಗುತ್ತದೆ.

ಈಗ ಚಿತ್ರ ತೆಗೆಯಿರಿ. ಎಡಗಡೆ ನೀಲಿ ಬಟ್ಟೆ ಕಟ್ಟಿದವಳನ್ನು ನೋಡಿ. ಬಲಗೈ ನೆಲಕ್ಕೆ ಚಾಚಿದೆ. ಇನ್ನೊಂದು ಕೈ ಹಿಂದೆ ಬೆನ್ನ ಮೇಲಿದೆ, ಅದರಲ್ಲಿ ಆಯ್ದ ತೆನೆಗಳು! ನನಗೆ ಇದು ಹೊಳೆದಾಗ ನಿಜಕ್ಕೂ ಮೈ ಜುಮ್ಮೆಂದಿತು. ಸ್ಟುಡಿಯೋದಲ್ಲಿ ಮಾಡೆಲ್ ಒಬ್ಬಳನ್ನು ಐದು ನಿಮಿಷ ಬಗ್ಗಿಸಿ ನಿಲ್ಲಿಸಿದರೆ ಆ ಕೈ ಅಲ್ಲಿಗೆ ಹೋಗುತ್ತಿತ್ತಾ? ದಿನವಿಡೀ ಬಗ್ಗಿದವರ ಜೊತೆ ಬೆಳೆದವನಿಗೆ ಮಾತ್ರ ಅದು ಗೊತ್ತಿರುತ್ತದೆ, ಅಲ್ವಾ?

ಮಿಲೆ ಹಾಗೇ ಬೆಳೆದವನು. ಹುಟ್ಟಿದ್ದು 1814ರ ಅಕ್ಟೋಬರ್ 4, ನಾರ್ಮಂಡಿಯ ಕಡಲ ಪಕ್ಕದ ಗ್ರೂಶಿ ಎಂಬ ಸಣ್ಣ ಹಳ್ಳಿಯಲ್ಲಿ. ರೈತರ ಮನೆ, ಹಿರಿಮಗ. ಉಳುವುದು, ಬಿತ್ತುವುದು, ಕೊಯ್ಯುವುದು ಎಲ್ಲ ಮಾಡಿ, ಮೀಸೆ ಚಿಗುರಿದ ಮೇಲೆ ಚಿತ್ರ ಕಲಿಯಲು ಶೆರ್ಬೂರ್ಗ್ ಪೇಟೆಗೆ ಹೋದ. 1837ಕ್ಕೆ ಪ್ಯಾರಿಸ್ ಸೇರಿದ. ಅಲ್ಲಿ ಹೊಟ್ಟೆಪಾಡಿಗೆ ಗಿರಾಕಿಗಳ ಮುಖ, ಬೆತ್ತಲೆ ಹೆಂಗಸರ ಚಿತ್ರ, ಏನು ಕೇಳಿದರೆ ಅದು. 1849ರಲ್ಲಿ ಪ್ಯಾರಿಸ್ಸಿಗೆ ಕಾಲರಾ ಬಂದಾಗ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಫಾಂಟೆನ್‌ಬ್ಲೋ ಕಾಡಿನ ಅಂಚಿನ ಬಾರ್ಬಿಜಾನ್ ಹಳ್ಳಿಗೆ ಹೊರಟ. 1875ರ ಜನವರಿ 20ರಂದು ಸಾಯುವ ತನಕ ಹೆಚ್ಚುಕಮ್ಮಿ ಅದೇ ಅವನ ಊರು.

ಮತ್ತೆ ಚಿತ್ರಕ್ಕೆ. ನಡುವೆ ಇರುವವಳ ತಲೆಗೆ ಕೆಂಪು ಬಟ್ಟೆ. ಅವಳೂ ಪೂರ್ತಿ ಬಗ್ಗಿದ್ದಾಳೆ. ಬಲಗಡೆಯವಳು ಮಾತ್ರ ಅರ್ಧ ಎದ್ದಿದ್ದಾಳೆ, ಅಥವಾ ಮತ್ತೆ ಬಗ್ಗಲು ಹೊರಟಿದ್ದಾಳೆ. ನನಗಂತೂ ಮೂವರೂ ಒಬ್ಬಳೇ ಅನ್ನಿಸುತ್ತದೆ: ಬಗ್ಗು, ಆರಿಸು, ಏಳು, ಮತ್ತೆ ಬಗ್ಗು. ಒಂದು ಫೋಟೋದಲ್ಲಿ ಸಿನಿಮಾ ತೋರಿಸಿದ ಹಾಗೆ.

ಆಮೇಲೆ ಕೈ ಅಡ್ಡ ಹಿಡಿದು ಮೇಲಿನ ಆಕಾಶವನ್ನು ಮುಚ್ಚಿ. ಬಗ್ಗಿದ ಇಬ್ಬರಿಗೆ ಏನೂ ಆಗುವುದಿಲ್ಲ, ಅವರ ಬೆನ್ನು ದಿಗಂತದ ಗೆರೆಯನ್ನು ದಾಟುವುದೇ ಇಲ್ಲ. ಆಕಾಶದಲ್ಲಿ ಅವರಿಗೆ ಪಾಲಿಲ್ಲ.

ಕೈ ತೆಗೆದು ಹಿಂದುಗಡೆ ಜೂಮ್ ಮಾಡಿ. ಬೆಳಕೆಲ್ಲ ಅಲ್ಲಿದೆ. ದೊಡ್ಡ ದೊಡ್ಡ ಬಣವೆ, ತುಂಬಿದ ಗಾಡಿ, ಒಂದು ಗುಂಪು ಕೂಲಿಯವರು. ಒಳ್ಳೆಯ ಫಸಲು. ಬಲ ಅಂಚಿಗೆ ಬನ್ನಿ, ಕುದುರೆ ಮೇಲೆ ಒಂದು ಪುಟ್ಟ ಆಕೃತಿ. ಹೊಲದ ಮೇಲ್ವಿಚಾರಕ. ನನ್ನ ಪೋಸ್ಟರಿನಲ್ಲಿ ಕತ್ತರಿ ಬಿದ್ದಿದ್ದು ಇವನಿಗೇ. ಇವನು ಇಲ್ಲದಿದ್ದರೆ ಇದು ಬರೀ ಚೆಂದದ ಹಳ್ಳಿ ಚಿತ್ರ. ಇವನು ಇದ್ದರೆ, ಅಷ್ಟು ದೊಡ್ಡ ರಾಶಿ ಯಾರದು, ಈ ಒಂದು ಹಿಡಿ ಯಾರದು ಎಂಬ ಲೆಕ್ಕ ತಲೆಗೆ ಬರುತ್ತದೆ. 1857ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಉಳ್ಳವರಿಗೆ ಕಸಿವಿಸಿಯಾದದ್ದು ಸುಮ್ನೆ ಅಲ್ಲ. ಫ್ರಾನ್ಸಿನ ಜನ ದಂಗೆ ಎದ್ದು ರಾಜನನ್ನು ಇಳಿಸಿದ 1848ರ ಕ್ರಾಂತಿ ಮುಗಿದು ಇನ್ನೂ ಹತ್ತು ವರ್ಷ ಆಗಿರಲಿಲ್ಲ.

ಇಷ್ಟು ಆದರೆ ಉಳಿದ ಚಿತ್ರ ಸುಲಭ. 1850ರ ‘ಬಿತ್ತುವವನು’ ತೆಗೆಯಿರಿ, ಅಮೆರಿಕದ ಬೋಸ್ಟನ್ ಮ್ಯೂಸಿಯಂನಲ್ಲಿದೆ. ಟೋಪಿ ಕೆಳಗಿನ ಮುಖ ಸರಿಯಾಗಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಕಾಲು ನೋಡಿ, ಬೀಸಿದ ತೋಳು ನೋಡಿ. ‘ಗುದ್ದಲಿ ಹಿಡಿದವನು’ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿದೆ. ಅಲ್ಲಿ ನೋಡಬೇಕಾದ್ದು ಗುದ್ದಲಿಯ ಕಾವಿನ ಮೇಲೆ ಬಿದ್ದ ಮೈಭಾರ.

‘ಏಂಜೆಲಸ್’ (ಚರ್ಚಿನ ಗಂಟೆ ಹೊಡೆದಾಗ ಹೇಳುವ ಪ್ರಾರ್ಥನೆಯ ಹೆಸರು) ವಿಷಯದಲ್ಲಿ ಮಾತ್ರ ಸ್ವಲ್ಪ ನಿಧಾನ ಮಾಡಿ, ಯಾಕಂದರೆ ಇದನ್ನು ಜನ ಜಾಸ್ತಿ ತಪ್ಪಾಗಿ ನೋಡುತ್ತಾರೆ. ಸಂಜೆ ಹೊತ್ತು, ಹೊಲದಲ್ಲಿ ಗಂಡ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಾರೆ, ದೂರದಲ್ಲಿ ಚರ್ಚಿನ ಗೋಪುರ. ಆಹಾ ಭಕ್ತಿ ಅಂತ ಎಲ್ಲರೂ ಮುಂದೆ ಹೋಗುತ್ತಾರೆ. ಚಿತ್ರದ ಕೆಳಗಿಂದ ಶುರು ಮಾಡಿ. ಬುಟ್ಟಿಯಲ್ಲಿ ಆಲೂಗಡ್ಡೆ. ಮಣ್ಣಿಗೆ ನೆಟ್ಟ ಕವಲುಗೋಲು. ಹಿಂದೆ ಮೂಟೆ ಹೇರಿದ ತಳ್ಳುಗಾಡಿ. ಗಂಡನ ಕೈಯಲ್ಲಿ ಟೋಪಿ. ಅಂದರೆ ಕೆಲಸ ಮುಗಿದಿಲ್ಲ, ಗಂಟೆ ಕೇಳಿತು, ಇದ್ದಲ್ಲೇ ನಿಂತರು. ಮಿಲೆಯ ಅಜ್ಜಿ ಗಂಟೆ ಕೇಳಿದ ಕೂಡಲೇ ಹೊಲದ ಕೆಲಸ ನಿಲ್ಲಿಸಿ, ಸತ್ತವರಿಗಾಗಿ ಪ್ರಾರ್ಥನೆ ಹೇಳಿಸುತ್ತಿದ್ದರಂತೆ. ಆ ನೆನಪಿನಿಂದ ಬಂದದ್ದು ಈ ಚಿತ್ರ ಅಂತ ಅವನೇ ಹೇಳಿಕೊಂಡಿದ್ದಾನೆ.

ಇದರ ದುಡ್ಡಿನ ಕಥೆ ಬೇರೆಯೇ ಇದೆ. ಬಿಡಿಸಿಕೊಡು ಎಂದಿದ್ದ ಅಮೆರಿಕದ ಗಿರಾಕಿ ತೆಗೆದುಕೊಳ್ಳಲು ಬರಲೇ ಇಲ್ಲ. 1860ರಲ್ಲಿ 1,000 ಫ್ರಾಂಕಿಗೆ ಹೋಯಿತು. 1889ರ ಹರಾಜಿನಲ್ಲಿ ಕೂಗಿದ್ದು 5,53,000 ಫ್ರಾಂಕ್! ಆಮೇಲೆ ಅದು ಅಮೆರಿಕದವರ ಪಾಲಾಯಿತು, ಮರುವರ್ಷ ಅಲ್ಲಿಂದ ವಾಪಸ್ ತರಲು ಫ್ರಾನ್ಸಿನ ಸಾಹುಕಾರನೊಬ್ಬ 7,50,000 ಫ್ರಾಂಕ್ ಕೊಟ್ಟ. ಮಿಲೆ ಮಣ್ಣಾಗಿ ಹದಿನೈದು ವರ್ಷ ಆಗಿತ್ತು, ಅವನ ಮನೆಯವರಿಗೆ ಇದರಲ್ಲಿ ಒಂದು ಕಾಸೂ ಇಲ್ಲ. ಚಿತ್ರ ಮತ್ತೆ ಮತ್ತೆ ಮಾರಾಟವಾದಾಗ ಕಲಾವಿದನಿಗೆ ಅಥವಾ ವಾರಸುದಾರರಿಗೆ ಒಂದು ಪಾಲು ಸಿಗಲಿ ಎಂದು ಫ್ರಾನ್ಸ್ 1920ರಲ್ಲಿ ಕಾನೂನು ಮಾಡಿತು. ಆ ವಾದ ನಡೆಯುವಾಗೆಲ್ಲ ಉದಾಹರಣೆಗೆ ಬರುತ್ತಿದ್ದದ್ದು ಇದೇ ಚಿತ್ರ.

ಕೊನೆಗೆ ಪೆನ್ಸಿಲ್. ಮಿಲೆ ಹೆಚ್ಚಾಗಿ ಹೊಲದಲ್ಲಿ ಕೂತು ಬಣ್ಣ ಹಚ್ಚುತ್ತಿರಲಿಲ್ಲ. ಸುತ್ತಾಡಿ, ನೋಡಿ, ಸಣ್ಣದಾಗಿ ಗೀಚಿಕೊಂಡು, ಮನೆಗೆ ಬಂದು ನೆನಪಿನಿಂದ ಬಿಡಿಸುತ್ತಿದ್ದ. ನೀವೂ ಹಾಗೇ ಮಾಡಿ. ಫೋನು ಮಗುಚಿಟ್ಟು, ಮೊದಲು ಮೂರು ಬೆನ್ನುಗಳಿಗೆ ಮೂರೇ ಗೆರೆ ಎಳೆಯಿರಿ. ಕಣ್ಣು ಮೂಗು ಬೇಡ. ಆಮೇಲೆ ಕೈಗಳು, ಆಮೇಲೆ ದಿಗಂತ. ನಾಚಿಕೆ ಬೇಡ, ಕಾಪಿ ಹೊಡೆಯುವುದರಲ್ಲಿ ದೊಡ್ಡವರ ಸಾಲೇ ಇದೆ: ವ್ಯಾನ್ ಗೋ 1889–90ರಲ್ಲಿ ಸಾಂ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಮಿಲೆಯ ಕಪ್ಪುಬಿಳುಪು ಅಚ್ಚುಗಳನ್ನು ಮುಂದಿಟ್ಟುಕೊಂಡು ಸುಮಾರು ಇಪ್ಪತ್ತು ಚಿತ್ರ ಮಾಡಿದ್ದಾನೆ, ಬಣ್ಣ ಮಾತ್ರ ತನ್ನದೇ.

ಮುಗಿದ ಮೇಲೆ ಫೋನು ತೆಗೆದು ಹೋಲಿಸಿ. ಮರುದಿನ ಇನ್ನೊಮ್ಮೆ ಬಿಡಿಸಿ. ನನ್ನ ಮೊದಲ ದಿನದ ಹೆಂಗಸರು ನಮಸ್ಕಾರ ಮಾಡುತ್ತಿರುವಂತಿದ್ದರು. ಮೂರನೇ ದಿನಕ್ಕೆ ನೀಲಿ ಬಟ್ಟೆಯವಳ ಬೆನ್ನು ಸರಿಬಂತು, ಕೈಯೂ ತನ್ನ ಜಾಗಕ್ಕೆ ಹೋಯಿತು. ಮೇಲ್ವಿಚಾರಕನ ಕುದುರೆ ಮಾತ್ರ ಇವತ್ತಿಗೂ ನಾಯಿಯ ಹಾಗೇ ಇದೆ.